ಅರ್ಧ ಡ್ರಮ್ಮಿನಲ್ಲಿ ಹಲವು ಮಕ್ಕಳ ತಾಯಿ

ತೊಂಬತ್ತರ ದಶಕದಲ್ಲಿ ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಟರನಾಗಿದ್ದೆ. ಪೊಲೀಸ್ ಇನ್‌ಸ್ಪೆಕ್ಟರನಲ್ಲ. ಬೇರೆಯವರು ಬೆವರು ಸುರಿಸಿ ಮಾಡಿದ ವಸ್ತುವನ್ನು ಫ್ಯಾನಿನ ಕೆಳಗೆ ಕೂತು ನೋಡಿ, ಮೂಗು ಮುರಿಯುವುದಕ್ಕೆ ಸಂಬಳ ಪಡೆಯುವ ಜಾತಿಯ ಇನ್‌ಸ್ಪೆಕ್ಟರ. ಲೇತಿನಿಂದ ಇಳಿದ ಪ್ರತಿಯೊಂದು ಬುಷ್ಷೂ ಪಿನ್ನೂ ನನ್ನ ಮೇಜಿಗೆ ಬಂದು, ನನ್ನ ವರ್ನಿಯರ್ ಕ್ಯಾಲಿಪರಿನ ದವಡೆಗೆ ಸಿಕ್ಕಿ, ತನ್ನ ಹಣೆಬರಹ ತಿಳಿದುಕೊಂಡು ಹೋಗಬೇಕಿತ್ತು. ಸರಿಯಿದ್ದರೆ ಹಸಿರು ಚೀಟಿ, ಕೆಟ್ಟಿದ್ದರೆ ಕೆಂಪು. ತೀರ್ಮಾನ ಮಾಡಲು ಧೈರ್ಯ ಸಾಲದಿದ್ದರೆ ಹಳದಿ. ಅದಕ್ಕೆ ನಮ್ಮಲ್ಲಿ ‘ಹೋಲ್ಡ್’ ಎನ್ನುತ್ತಿದ್ದರು. ಅಳತೆಯಲ್ಲಿ ಸುಳ್ಳು ಹೇಳಿದವನಲ್ಲ ಎಂಬುದೊಂದು ಜಂಬ ನನಗಿತ್ತು. ಮಾಲೀಕರೇ ಬಂದು ಹೆಗಲ ಮೇಲೆ ಕೈ ಹಾಕಿ, ‘ಸ್ವಲ್ಪ ಅಡ್ಜಸ್ಟ್ ಮಾಡ್ರೀ’ ಎಂದರೂ ನಾನು ಅವರ ಕೈಯನ್ನು ನೋಡುತ್ತಿದ್ದೆನೇ ಹೊರತು ಚೀಟಿಯ ಬಣ್ಣ ಬದಲಾಗುತ್ತಿರಲಿಲ್ಲ.

ಇಂಥ ಕಟ್ಟುನಿಟ್ಟಿನ ಮನುಷ್ಯನ ಹೊಟ್ಟೆಯನ್ನು ಕ್ಯಾಂಟೀನಿನ ಸಾಂಬಾರು ಸುಟ್ಟುಹಾಕಿತು. ಊಟವಾದ ಅರ್ಧ ಗಂಟೆಗೆ ಎದೆಯವರೆಗೂ ಉರಿ. ಯಶವಂತಪುರದಲ್ಲಿ ನಾರುಬೇರು ಮಾರುವ ಗ್ರಂಧಿಗೆ ಅಂಗಡಿಯವರು ಶತಾವರಿ ಪುಡಿಯನ್ನು ಹಾಲಿನಲ್ಲಿ ಕದಡಿ ಕುಡಿಯಲು ಹೇಳಿ, ಒಂದು ಪೊಟ್ಟಣ ಬಿಚ್ಚಿ ತೋರಿಸಿದರು. ಮಂಕು ಬಣ್ಣದ ಹುಡಿ. ಶತಾವರಿಯೂ ಇರಬಹುದು, ಮರದ ಹೊಟ್ಟೂ ಇರಬಹುದು. ಪುಡಿಯಾದ ಮೇಲೆ ಯಾವ ವಸ್ತುವನ್ನು ತಾನೇ ಇನ್‌ಸ್ಪೆಕ್ಷನ್ ಮಾಡಲು ಸಾಧ್ಯ? ನಾನು ಪೊಟ್ಟಣಕ್ಕೆ ಮನಸ್ಸಿನಲ್ಲೇ ಕೆಂಪು ಚೀಟಿ ಅಂಟಿಸಿ, ಬೀಜದಿಂದಲೇ ಬೆಳೆದು ಬೇರನ್ನು ಕಣ್ಣಾರೆ ಕಂಡು ಕುಡಿಯುತ್ತೇನೆಂದು ನಿಶ್ಚಯಿಸಿದೆ. ಉರಿಯುವ ಹೊಟ್ಟೆ ಅಲ್ಲಿಯವರೆಗೆ ಕಾಯಬೇಕೆಂಬ ಅಂಶವನ್ನು ಆ ನಿಶ್ಚಯದಲ್ಲಿ ಪರಿಗಣಿಸಿರಲಿಲ್ಲ.

ಲಾಲ್‌ಬಾಗಿನ ಹತ್ತಿರದ ನರ್ಸರಿಯಲ್ಲಿ ಬೀಜ ಸಿಕ್ಕಿತು. ಕರಿಮೆಣಸಿನ ಸುಕ್ಕನ್ನೆಲ್ಲ ಇಸ್ತ್ರಿ ಮಾಡಿ ತೆಗೆದಂತೆ ಗುಂಡಗೆ, ನುಣ್ಣಗೆ, ಕಪ್ಪಗೆ ಇದ್ದವು. ಬಲು ಗಟ್ಟಿ. ಬೆಚ್ಚನೆಯ ನೀರಿನಲ್ಲಿ ಒಂದು ರಾತ್ರಿ ನೆನೆಹಾಕಿದೆ. ಕಾರ್ಖಾನೆಗೆ ಎಣ್ಣೆ ಬರುತ್ತಿದ್ದ ಡ್ರಮ್ಮೊಂದನ್ನು ಅಡ್ಡಕ್ಕೆ ಕೊಯ್ಸಿ, ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆದು, ತಳಕ್ಕೆ ತೂತು ಕೊರೆಸಿ, ಕೆಂಪು ಮಣ್ಣು, ಮರಳು, ಸಗಣಿ ಗೊಬ್ಬರ ತುಂಬಿ, ಬೀಜಗಳನ್ನು ಬೆರಳಿನ ಗೆಣ್ಣಿನಷ್ಟು ಆಳಕ್ಕೆ ಊರಿದೆ. ವಾರಗಟ್ಟಲೆ ಏನೂ ಆಗಲಿಲ್ಲ.

‘ಬರೀ ಮಣ್ಣಿಗೆ ದಿನಾ ನೀರು ಹಾಕ್ತೀರಲ್ಲ, ಮಂದಿ ನೋಡಿದ್ರೆ ಏನಂದಾರ್ರೀ?’ ಎಂದಳು ಹೆಂಡತಿ. ನಮ್ಮದು ದಾವಣಗೆರೆ ಕಡೆ. ಅಲ್ಲಿ ಮಂದಿ ಏನೆಂದಾರೆಂಬುದನ್ನು ಮುಂಚಿತವಾಗಿ ಯೋಚಿಸುವ ಪದ್ಧತಿಯಿದೆ.

ಮಂದಿ ಏನಾದರೂ ಅನ್ನುವ ಮೊದಲೇ ಮೊಳಕೆ ಬಂತು. ಹಸಿರು ದಾರದ ತುಂಡೊಂದು ಮಣ್ಣಿನಿಂದ ಎದ್ದು ನಿಂತಿತ್ತು. ಆಮೇಲೆ ಅದಕ್ಕೆ ಸಬ್ಬಸಿಗೆ ಸೊಪ್ಪಿನಂಥ ಗರಿಗಳು ಬಂದವು, ಸಣ್ಣ ಮುಳ್ಳು ಬಂತು, ಹಬ್ಬುವ ಚಾಳಿ ಬಂತು.

ನಾವಿದ್ದದ್ದು ಚೊಕ್ಕಸಂದ್ರದ ಕಡೆಯ ಒಂದು ವಠಾರದಲ್ಲಿ. ವಠಾರದ ಒಡತಿ ಆ ಊರಿನ ಹಳೆಯ ಒಕ್ಕಲು. ಹೊಲವೆಲ್ಲ ಕೈಗಾರಿಕಾ ಪ್ರದೇಶಕ್ಕೆ ಹೋದ ಮೇಲೆ ಉಳಿದ ತುಂಡಿನಲ್ಲಿ ಸಾಲುಮನೆ ಕಟ್ಟಿಸಿ, ರಾಗಿಯ ಬದಲು ನಮ್ಮಂಥ ಬಾಡಿಗೆದಾರರನ್ನು ಬೆಳೆಯುತ್ತಿದ್ದರು. ಗಂಡ ತೀರಿಹೋಗಿದ್ದರು. ಮಗ ಗೂಡ್ಸ್ ಆಟೋ ಓಡಿಸುತ್ತಿದ್ದ. ಸೊಸೆ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಹೋಗುವ ಮೊದಲು ಹಸುವಿನ ಕೆಲಸ, ಬಂದ ಮೇಲೆ ಮನೆಯ ಕೆಲಸ. ಮಗಳನ್ನು ನೆಲಮಂಗಲಕ್ಕೆ ಕೊಟ್ಟಿದ್ದರು.

ಗಿಡ ಗೋಡೆಯ ಪೈಪನ್ನು ಹಿಡಿದು ಹತ್ತತೊಡಗಿದಾಗ ಒಡತಿ ಒಂದು ಬೆಳಿಗ್ಗೆ ಸೊಂಟಕ್ಕೆ ಕೈಯಿಟ್ಟು ಅದರ ಮುಂದೆ ನಿಂತರು.

‘ಇದೇನ್ ಗಿಡ ಸಾಮಿ?’

‘ಶತಾವರಿ’ ಎಂದುಬಿಟ್ಟಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸಂಸ್ಕೃತದ ಹೆಸರು ಹೇಳಿ ಹಳ್ಳಿಯ ಹೆಂಗಸನ್ನು ಬೆದರಿಸುವುದು ಸಭ್ಯತೆಯಲ್ಲ ಎನಿಸಿ, ಗಂಟಲು ಸರಿಪಡಿಸಿಕೊಂಡು, ಬಿರುದು ಓದುವವನ ಗತ್ತಿನಲ್ಲಿ ಅಚ್ಚಗನ್ನಡದ ಹೆಸರನ್ನು ಉಚ್ಚರಿಸಿದೆ: ‘ಇದಕ್ಕೆ ಹಲವು ಮಕ್ಕಳ ತಾಯಿ ಬೇರು ಅಂತಾರಮ್ಮಾ.’

ಒಂದು ಬುಡಕ್ಕೆ ಗೊಂಚಲು ಗೊಂಚಲಾಗಿ ಬೇರು ಬಿಡುತ್ತದೆ, ಆ ಬೇರುಗಳೇ ಮಕ್ಕಳು, ಅದಕ್ಕಾಗಿ ಆ ಹೆಸರು. ಇದನ್ನೂ ಹೇಳಬೇಕಿತ್ತು. ಹೇಳಲಿಲ್ಲ. ಬಿರುದಿನ ಕೆಳಗೆ ಟಿಪ್ಪಣಿ ಬರೆದರೆ ಅದರ ಕಳೆ ಹೋಗುತ್ತದಲ್ಲ. ಒಡತಿ ಸೊಸೆಯಿದ್ದ ತಮ್ಮ ಅಡುಗೆಮನೆಯ ಕಡೆಗೊಮ್ಮೆ ನೋಡಿ ಕೇಳಿದರು: ‘ಬೇರು ಯಾವಾಗ್ ಬತ್ತದೆ?’

‘ಬೇರು ಬಲೀಬೇಕಲ್ರೀ. ಎರಡು ಮಳೆಗಾಲ ಕಳೀಬೇಕು.’

ಇದು ಮಾತ್ರ ಸುಳ್ಳಲ್ಲ. ಎರಡು ಮಳೆಗಾಲಕ್ಕೆ ಮೊದಲು ಅಗೆದರೆ ಸಿಗುವುದು ಬರೀ ನಾರು.

ಮಾರನೆಯ ದಿನ ನನ್ನ ಎಣ್ಣೆ ಡ್ರಮ್ಮಿಗೆ ಅರಿಶಿನ ಕುಂಕುಮ ಬಿದ್ದಿತ್ತು. ಅದರ ಅರ್ಥ ನನ್ನ ಹೆಂಡತಿಗೆ ನಲ್ಲಿಯ ಬಳಿ ತಿಳಿಯಿತು. ಸೊಸೆಗೆ ಮದುವೆಯಾಗಿ ವರ್ಷಗಳಾಗಿದ್ದರೂ ಮಕ್ಕಳಾಗಿರಲಿಲ್ಲ. ನೆಲಮಂಗಲದ ಮಗಳಿಗೆ ಮದುವೆಯ ವಯಸ್ಸಿನ ಮಗಳಿದ್ದಳು. ಅವಳನ್ನು ಸೋದರಮಾವನಿಗೇ ಎರಡನೆಯವಳಾಗಿ ಕೊಟ್ಟು, ಮೊದಲನೆಯವಳನ್ನು ತವರಿಗೆ ದಾಟಿಸುವ ಮಾತು ಮನೆಯಲ್ಲಿ ಎದ್ದಿತ್ತು. ಈಗ ‘ಆ ಬೇರು ಬಲೀಲಿ, ಕುಡಿಸಿ ನೋಡಾನ, ಆಮ್ಯಾಕೆ ಮಾತಾಡಾನ’ ಎಂದು ತೀರ್ಮಾನವಾಗಿದೆಯಂತೆ.

‘ನಿಮಗ್ಯಾಕೆ ಬೇಕಿತ್ರೀ ಅಷ್ಟು ಉದ್ದದ ಹೆಸರು?’ ಎಂದಳು ನನ್ನ ಹೆಂಡತಿ.

ಆವತ್ತು ನನಗೆ ಸಾಂಬಾರಿಲ್ಲದೆಯೇ ಎದೆ ಉರಿಯಿತು. ಈ ಬೇರು ಮಕ್ಕಳನ್ನು ಕೊಡುವುದಿಲ್ಲ. ಹೆತ್ತ ಬಾಣಂತಿಗೆ ಹಾಲು ಬರಲೆಂದು, ಉರಿಯುವ ಹೊಟ್ಟೆಗೆ ತಂಪಾಗಲೆಂದು ಕೊಡುವ ಬೇರಿದು. ಯಾರದೋ ಸಂಸಾರದ ಗಡುವು ನನ್ನ ಅರ್ಧ ಡ್ರಮ್ಮಿನಲ್ಲಿ ಬೇರು ಬಿಡುತ್ತಿತ್ತು, ಮತ್ತು ಅದಕ್ಕೆ ದಿನವೂ ನೀರು ಹಾಕುತ್ತಿದ್ದವನು ನಾನು.

ನಾನು ಮಾತ್ರವೇ ಅಲ್ಲ. ಸೊಸೆಗೂ ನೀರು ಹಾಕುವ ಕೆಲಸ ಹಚ್ಚಿದ್ದರು. ಒಂದು ಬೆಳಿಗ್ಗೆ ಅವಳು ಊಟದ ಡಬ್ಬಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಚೊಂಬಿನಿಂದ ನೀರು ಹನಿಸುತ್ತಾ ಕೇಳಿದಳು:

‘ಅಣ್ಣಾ, ನೀರು ಜಾಸ್ತಿ ಆದ್ರೆ ಇದು ಕೊಳ್ತೋಗುತ್ತಾ?’

‘ಹೋಗಬಹುದಮ್ಮ.’

‘ಕಮ್ಮಿ ಆದ್ರೆ?’

‘ಬೇಗ ಬಲಿಯಲ್ಲ.’

ಅವಳು ಚೊಂಬನ್ನು ಅಲ್ಲಿಗೇ ನಿಲ್ಲಿಸಿದಳು. ‘ಹಂಗಾದ್ರೆ ಕಮ್ಮೀನೇ ಹಾಕ್ತೀನಿ ಬಿಡಿ’ ಎಂದು ಬಸ್ಸಿಗೆ ಓಡಿದಳು. ಅಷ್ಟೇ ಮಾತು. ಅಂದಿನಿಂದ ನಾವಿಬ್ಬರೂ ಬೇರು ಬಲಿಯಬಾರದೆಂಬ ಒಂದೇ ಪಕ್ಷವಾದೆವು.

ಆದರೆ ಗಿಡ ನಮ್ಮ ಪಕ್ಷಕ್ಕೆ ಸೇರಲಿಲ್ಲ. ಇಂಥ ಮೊಂಡ ಗಿಡವನ್ನು ನಾನು ಕಂಡಿಲ್ಲ. ನೀರು ಕಡಿಮೆಯಾದರೆ ಬೇರನ್ನು ಇನ್ನಷ್ಟು ದಪ್ಪ ಮಾಡಿಕೊಂಡಿತು. ಕತ್ತರಿಸಿದರೆ ಕವಲಾಯಿತು. ಪಕ್ಕದ ಎಲೆಕ್ಟ್ರೋಪ್ಲೇಟಿಂಗ್ ಶೆಡ್ಡಿನ ಹೊಗೆಗೆ ವಠಾರದ ತುಳಸಿಯೇ ಕರಕಲಾದರೂ ಇದು ಬಿಳಿಯ ಸಣ್ಣ ಹೂ ಬಿಟ್ಟು ಘಮಘಮಿಸಿತು, ಕೆಂಪು ಹಣ್ಣು ಬಿಟ್ಟಿತು. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಪೈಪು ಕಾಣದಂತೆ ಹಬ್ಬಿ, ‘ನಾನು ಸಿದ್ಧ’ ಎನ್ನುವಂತೆ ನಿಂತಿತ್ತು. ಬೇರೆ ಯಾವ ಮನೆಯಲ್ಲಾದರೂ ಹೆಮ್ಮೆಯ ವಿಷಯ. ನಾನು ಅದರ ಎದುರು ನಿಂತು, ಗಿಡ ಚೆನ್ನಾಗಿ ಬೆಳೆದದ್ದಕ್ಕೆ ಅಳುಕಿದ ಪ್ರಪಂಚದ ಮೊದಲ ತೋಟಗಾರನಾದೆ.

‘ಆಯ್ತೇನ್ ಸಾಮಿ?’ ಎಂದರು ಒಡತಿ.

‘ಇನ್ನೂ ಬಲಿತಿಲ್ಲಮ್ಮಾ’ ಎಂದೆ. ಹಳದಿ ಚೀಟಿ. ಕಾರ್ಖಾನೆಯಲ್ಲಾದರೆ ಹೋಲ್ಡ್ ಆದ ಮಾಲಿಗೆ ಕಾರಣ ಕೇಳುತ್ತಾರೆ. ಒಡತಿ ಕೇಳಲಿಲ್ಲ. ಸುಮ್ಮನೆ ತಲೆಯಾಡಿಸಿದರು. ನನ್ನ ಮಾತಿಗೆ ಇಷ್ಟು ಬೆಲೆಯೇ ಎಂದು ಇನ್ನಷ್ಟು ನಾಚಿಕೆಯಾಯಿತು.

ಬೇಸಿಗೆಯಲ್ಲಿ ದೇವರು ಕಣ್ಣು ಬಿಟ್ಟ. ಬೋರ್‌ವೆಲ್ ಕೈಕೊಟ್ಟು ಟ್ಯಾಂಕರ್ ನೀರು ಬರತೊಡಗಿತು, ಗಿಡಕ್ಕೆ ಹನಿಯಿಲ್ಲ. ಗರಿ ಹಳದಿಯಾಗಿ ಉದುರಿ, ಬಳ್ಳಿ ಒಣಕಡ್ಡಿಯಾಯಿತು. ನಾನು ಸಾವಿನ ಮನೆಗೆ ಬಂದವನ ಮುಖ ಮಾಡಿಕೊಂಡು ಒಡತಿಯ ಬಾಗಿಲಿಗೆ ಹೋಗಿ, ಗಿಡ ಹೋಯಿತೆಂದು ತಿಳಿಸಿದೆ. ಒಣಬಳ್ಳಿಯನ್ನು ಬುಡಕ್ಕೆ ಕತ್ತರಿಸಿ, ಅದರದೇ ಹಣ್ಣಿನ ಬೀಜವನ್ನು ಕುಂಡವೊಂದರಲ್ಲಿ ಬಿತ್ತಿದೆ. ‘ಇನ್ನು ಮೊದಲಿಂದ ಎರಡು ಮಳೆಗಾಲ ಆಗಬೇಕಮ್ಮಾ.’

‘ಆಗ್ಲಿ ಬುಡಿ. ನಾವೇನ್ ಮಾಡಾಕಾಯ್ತದೆ’ ಎಂದರು ಅವರು.

ಸೊಸೆ ಅಂದು ಸಂಜೆ ನನ್ನ ಹೆಂಡತಿಗೆ ಒಂದು ಮೊಳ ಮಲ್ಲಿಗೆ ತಂದುಕೊಟ್ಟಳು. ಸುಳ್ಳಿನ ಹೂವನ್ನು ಮುಡಿಯುವುದೋ ಬಿಡುವುದೋ ಎಂದು ನನ್ನ ಹೆಂಡತಿ ಸ್ವಲ್ಪ ಹೊತ್ತು ಯೋಚಿಸಿ, ಕೊನೆಗೆ ಮುಡಿದಳು.

ಬಹುವಾರ್ಷಿಕ ಸಸ್ಯ ಎಂದರೆ ಏನು ಎಂಬುದನ್ನು ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಆ ವರ್ಷದ ಮುಂಗಾರಿಗೆ ಮುಂಚಿನ ಮಳೆಯಲ್ಲಿ. ಒಂದೆರಡು ಸಂಜೆ ಗುಡುಗಿ ಸುರಿಯಿತು, ಅಷ್ಟೇ. ನಾನು ಕೈಯಾರೆ ಅಂತ್ಯಕ್ರಿಯೆ ಮಾಡಿದ್ದ ಡ್ರಮ್ಮಿನಿಂದ ಹೆಬ್ಬೆರಳು ಗಾತ್ರದ ಮೊಳಕೆಗಳು, ಒಂದಲ್ಲ, ಒಂದು ಹಿಂಡು, ಮಣ್ಣನ್ನು ಒಡೆದುಕೊಂಡು ಎದ್ದವು. ಅದೇ ಭಾನುವಾರ ನೆಲಮಂಗಲದ ಮಗಳು ತವರಿಗೆ ಬಂದಿದ್ದರು. ಕೈ ತೊಳೆಯಲು ಹೊರಗೆ ಬಂದವರು ಅಲ್ಲೇ ನಿಂತು ಕೂಗಿದರು: ‘ಅಮ್ಮೋ! ಸತ್ತೋಯ್ತು ಅಂದಿದ್ದ ಗಿಡ ಎದ್ದೈತೆ ಬಾ ಇಲ್ಲಿ! ದೇವ್ರೇ ಕೊಟ್ಟವ್ನೆ. ಇವತ್ತೇ ಅಗೀರಿ, ಇನ್ಯಾಕೆ ಕಾಯೋದು? ಕುಡ್ದು ಆಗ್ಲಿಲ್ಲ ಅಂದ್ರೆ ಶ್ರಾವಣಕ್ಕೆ ಮಾತು ಮುಗಿಸಾನ.’

ಅವರ ತಮ್ಮ, ಅಂದರೆ ಮನೆಯ ಮಗ, ಎಲ್ಲದಕ್ಕೂ ‘ಅಮ್ಮ ಯೋಳ್ದಂಗೆ’ ಎನ್ನುವವನು, ಅಕ್ಕ ಹೇಳಿದಂತೆ ಗುದ್ದಲಿ ತಂದ. ಅಗೆಯುವ ಗೌರವ ನನಗೆ ಸಂದಿತು. ಡ್ರಮ್ಮನ್ನು ಓರೆ ಮಾಡಿ ಮಣ್ಣು ಬಿಡಿಸಿದೆ. ಬುಡದ ಸುತ್ತ ಬೆಳ್ಳಗೆ, ದಪ್ಪಗೆ, ಬೆರಳಿಗಿಂತ ಉದ್ದದ ಬೇರುಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ನಾನು ‘ಇನ್ನೂ ಬಲಿತಿಲ್ಲ’ ಎಂದು ಹೇಳುತ್ತಿದ್ದಾಗ ಅವು ಒಳಗೆ ಕೂತು ನಗುತ್ತಿದ್ದಿರಬೇಕು. ಸೊಸೆ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಅವಳ ಮುಖ ತೀರ್ಪು ಕೇಳಲು ನಿಂತವರ ಹಾಗಿತ್ತು. ಈ ಬೇರನ್ನು ಕುಡಿಸುತ್ತಾರೆ, ಏನೂ ಆಗುವುದಿಲ್ಲ, ಆಗದಿದ್ದುದಕ್ಕೆ ಇವಳೇ ಕಾರಣವಾಗುತ್ತಾಳೆ. ನನ್ನೊಳಗಿನ ಇನ್‌ಸ್ಪೆಕ್ಟರನಿಗೆ ತಡೆಯಲಾಗಲಿಲ್ಲ. ಮಣ್ಣಿನ ಕೈಯಲ್ಲೇ ಎದ್ದು ನಿಂತು ಗಂಭೀರವಾಗಿ ಘೋಷಿಸಿದೆ:

‘ನೋಡ್ರೀ, ನಾನು ಮೊದಲೇ ಹೇಳಬೇಕಿತ್ತು. ಈ ಬೇರಿನಿಂದ ಮಕ್ಕಳಾಗಲ್ಲ. ಇದು ಬಾಣಂತಿಯರ ಹಾಲಿಗೆ ಕೊಡೋ ಔಷಧಿ. ಹೆಸರು ಹಂಗಿದೆ, ಅಷ್ಟೇ.’

ಸತ್ಯ ಹೇಳಿದ ಮೇಲೆ ಮನಸ್ಸು ಹಗುರಾಗುತ್ತದೆಂದು ಕೇಳಿದ್ದೆ. ಒಡತಿ ನನ್ನನ್ನು ನೋಡಿದ ನೋಟದಲ್ಲಿ ಹಗುರಾಗುವಂಥದ್ದು ಏನೂ ಇರಲಿಲ್ಲ.

‘ನಿಮ್ಮನ್ಯಾರು ಕೇಳಿದ್ರು ಸಾಮಿ?’ ಎಂದರು, ಮೆಲ್ಲಗೆ.

ಮಗಳು ತಾಯಿಯ ಕಡೆ ತಿರುಗಿದ್ದರು. ‘ಕೇಳಿಸ್ಕೊಂಡ್ಯಾ? ಓದ್ದೋರೇ ಯೋಳ್ತಾವ್ರೆ, ಇದ್ಕೆ ಔಸ್ದಿ ಇಲ್ಲ ಅಂತ. ಇನ್ನೇನ್ ಕಾಯ್ತೀಯ?’

ಬೇರುಗಳನ್ನು ಯಾರೂ ಮುಟ್ಟಲಿಲ್ಲ. ನಾನೇ ಬುಡವನ್ನು ಮೊಳಕೆಗಳ ಸಮೇತ ಡ್ರಮ್ಮಿನಲ್ಲಿ ಮತ್ತೆ ನೆಟ್ಟು, ಬಿಡಿ ಬೇರುಗಳು ಕೆಡದಂತೆ ಒದ್ದೆ ಮರಳು ತುಂಬಿದ ಗೋಣಿಯಲ್ಲಿ ಹೂತಿಟ್ಟೆ. ಆಷಾಢ ಹಿಡಿಯಿತು. ಹೊಸ ಮದುಮಗಳನ್ನು ಆಷಾಢಕ್ಕೆ ತವರಿಗೆ ಕಳಿಸುವ ವಾಡಿಕೆಯಿದೆ, ಸೊಸೆಯೇನು ಹೊಸಬಳಲ್ಲ. ಆದರೂ ‘ಒಂದ್ ತಿಂಗ್ಳು ಇದ್ದು ಬರ್ಲಿ’ ಎಂದು ಮಗಳು ಹೇಳಿದ್ದಕ್ಕೆ, ಮಗ ಗೂಡ್ಸ್ ಆಟೋದಲ್ಲೇ ಅವಳನ್ನು ಮಾಗಡಿ ಕಡೆಯ ಬಸ್ಸಿಗೆ ಬಿಟ್ಟುಬಂದ. ಅವಳ ಟ್ರಂಕು ಹಿಂದೆ ಸಾಮಾನಿನ ಜಾಗದಲ್ಲಿತ್ತು. ಒಂದು ತಿಂಗಳಿಗೆ ಟ್ರಂಕು ಯಾಕೆ ಎಂದು ವಠಾರದಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ನಾನು ಆಗಲೇ ಸಾಕಷ್ಟು ಮಾತಾಡಿಬಿಟ್ಟಿದ್ದೆ.

ಶ್ರಾವಣ ಹತ್ತಿರವಾದಾಗ ಒಡತಿ ನಮ್ಮ ಮನೆಗೆ ಬಂದು, ಎಂದೂ ಕೂರದವರು, ಚಾಪೆಯ ಮೇಲೆ ಕೂತರು.

‘ಎರಡು ಹೆತ್ತೋಳು ಸಾಮಿ ನಾನು. ಗಿಡ ಕಂಡಿರ್ಲಿಲ್ಲ, ಬೇರು ಕುಡ್ದೇ ಹಾಲು ಕೊಟ್ಟಿವ್ನಿ. ಇದು ಯಾತಕ್ಕೆ ಅಂತ ನಂಗೊತ್ತಿರ್ಲಿಲ್ವಾ?’

ನನ್ನ ಹೆಂಡತಿ ಕೊಟ್ಟ ನೀರಿನ ಲೋಟವನ್ನು ಪಕ್ಕಕ್ಕಿಟ್ಟು ಅವರೇ ಮುಂದುವರಿಸಿದರು.

‘ಇರೋಳು ಒಬ್ಳು ಮಗ್ಳು, ಅವ್ಳಿಗೆ ಇಲ್ಲ ಅನ್ನಾಕಾಗಲ್ಲ. ಸೊಸೇನ ಕಳ್ಸಾಕೂ ಮನ್ಸಿಲ್ಲ. ನೀವು ಎರಡು ಮಳೆ ಅಂದ್ರಲ್ಲ, ಅದ್ನೇ ಹಿಡ್ಕೊಂಡಿದ್ದೆ. ಬಲೀಲಿ ಬಲೀಲಿ ಅಂತ ಮಗ್ಳ ಬಾಯಿ ಮುಚ್ತಿದ್ದೆ. ನೀವೂ ಬಲ್ತಿಲ್ಲ ಅಂತಿದ್ರಿ. ಪರ್ವಾಗಿಲ್ಲ, ಸಾಮಿಗೆ ಅರ್ತ ಆಗೈತೆ ಅನ್ಕೊಂಡೆ. ಆವತ್ತು ಇದ್ದಕ್ಕಿದ್ದಂಗೆ ಏನ್ ಬಂತು ನಿಮ್ಗೆ?’

ಸತ್ಯ ಬಂತು ಎಂದು ಹೇಳಲು ನಾಚಿಕೆಯಾಯಿತು. ಒಂದು ಮನೆಯ ಹೆಂಗಸರು ಒಂದು ಸುಳ್ಳನ್ನು ತೊಟ್ಟಿಲಿನಂತೆ ಜೋಪಾನವಾಗಿ ತೂಗುತ್ತಿದ್ದರು. ನಾನು ಮಧ್ಯೆ ನುಗ್ಗಿ ಹಗ್ಗ ಕತ್ತರಿಸಿ, ಅದಕ್ಕಾಗಿ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಲು ಸಿದ್ಧನಾಗಿದ್ದೆ.

‘ಭಾನುವಾರ ಮಗ್ಳು ಬತ್ತಾಳೆ. ಆಡಿದ್ ಮಾತು ನೀವೇ ವಾಪ್ಸು ತಗೋಬೇಕು’ ಎಂದು ಎದ್ದರು.

ಶನಿವಾರ ಸಂಜೆ ನಾನು ಕಾರ್ಖಾನೆಯಿಂದ ವರ್ನಿಯರನ್ನು ಮನೆಗೆ ತಂದೆ. ಭಾನುವಾರ ಒಡತಿಯ ನಡುಮನೆಯಲ್ಲಿ, ತಾಯಿ, ಮಗಳು, ಮಗ ಮೂವರೂ ನೋಡುತ್ತಿದ್ದಂತೆ, ಗೋಣಿಯಿಂದ ಬೇರು ತೆಗೆದು, ಬಟ್ಟೆಯಿಂದ ಒರೆಸಿ, ಉಕ್ಕಿನ ದವಡೆಯ ನಡುವೆ ಇಟ್ಟು, ಕನ್ನಡಕ ಏರಿಸಿ, ಒಂದೊಂದನ್ನೂ ಅಳೆದೆ. ಇಷ್ಟು ದಪ್ಪ ಬಲಿತ ಬೇರನ್ನು ಯಾವ ಗ್ರಂಧಿಗೆ ಅಂಗಡಿಯವನೂ ಕಂಡಿರಲಾರ. ನಾನು ನಿಟ್ಟುಸಿರು ಬಿಟ್ಟು ತಲೆಯಲ್ಲಾಡಿಸಿದೆ.

‘ತಪ್ಪು ನಂದೇ. ಆವತ್ತು ಕಣ್ಣಳತೆಯಲ್ಲಿ ಮಾತಾಡಿದ್ದೆ. ಇದು ಎಳೆ ಬೇರು. ಎಳೇದು ಹಾಲಿಗೆ ಮಾತ್ರ ಬರುತ್ತೆ. ಬಲಿತದ್ದರ ಗುಣವೇ ಬೇರೆ. ಇನ್ನೊಂದು ಮಳೆಗಾಲ ಬೇಕೇ ಬೇಕು.’

‘ಇದ್ನ ಮಿಷಿನ್ನು ಯೋಳ್ತದಾ?’ ಎಂದು ಮಗಳು ವರ್ನಿಯರಿನ ಕಡೆ ಬಗ್ಗಿದರು.

‘ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹೇಳುತ್ತೆ’ ಎಂದೆ. ಅದು ನಿಜ. ವರ್ನಿಯರ್ ಎಂದೂ ಸುಳ್ಳು ಹೇಳುವುದಿಲ್ಲ. ಅದರ ತಿರುಪು ಬಿಗಿದು ಅವರ ಕೈಗೇ ಕೊಟ್ಟೆ.

ಮಗಳು ಅದರ ಮೇಲಿನ ಅಳತೆಯ ಗೆರೆಗಳನ್ನು ತುಂಬ ಹೊತ್ತು ನೋಡಿ, ತಾಯಿಯನ್ನೊಮ್ಮೆ ನೋಡಿ, ‘ಇನ್ನೊಂದೇ ಮಳೆ’ ಎಂದರು. ಒಡತಿ ಮಗನಿಗೆ, ‘ನಿಂತ್ಕೊಂಡು ಏನ್ ನೋಡ್ತೀಯ, ಓಗಿ ಕರ್ಕೊಂಡ್ ಬಾ’ ಎಂದರು. ಅವನು ಅಮ್ಮ ಹೇಳಿದಂತೆ ಹೊರಟ.

ಎಳೆ ಬೇರೆಂದು ತೀರ್ಪಾದ ಬೇರುಗಳನ್ನು ನನ್ನ ಹೆಂಡತಿ ಸಿಪ್ಪೆ ಸುಲಿದು, ನಡುವಿನ ನಾರನ್ನು ಎಳೆದು ತೆಗೆದು, ಹಾಲಿನಲ್ಲಿ ಬೇಯಿಸಿ, ಕಲ್ಲುಸಕ್ಕರೆ ಹಾಕಿ ಕೊಟ್ಟಳು. ಸ್ವಲ್ಪ ಸಿಹಿ, ಸ್ವಲ್ಪ ಲೋಳೆ, ಹಿಂದೆಯೇ ಒಂದು ಕಹಿ. ಹೊಟ್ಟೆಯ ಉರಿ ನಿಜವಾಗಿಯೂ ಕಡಿಮೆಯಾಯಿತು. ಆದರೆ ಸೋಮವಾರ ಕಾರ್ಖಾನೆಯಲ್ಲಿ ಬುಷ್ಷೊಂದನ್ನು ಅಳೆದು ಕೆಂಪು ಚೀಟಿ ಹಚ್ಚಲು ಹೋದವನು, ಚೀಟಿಯನ್ನು ಕೈಯಲ್ಲೇ ಹಿಡಿದು ಸುಮಾರು ಹೊತ್ತು ಕೂತಿದ್ದೆ.

ಸೊಸೆ ಶ್ರಾವಣದ ಮೊದಲ ವಾರವೇ ಮತ್ತೆ ಕೆಲಸಕ್ಕೆ ಹೋಗತೊಡಗಿದಳು. ಹಸುವಿಗೆ ಹುಲ್ಲು ಹಾಕಿ, ಚೀಲ ಹೆಗಲಿಗೇರಿಸಿಕೊಂಡು ಬಂದವಳು ಡ್ರಮ್ಮಿನ ಪಕ್ಕ ನಿಂತಳು. ಥ್ಯಾಂಕ್ಸ್ ಹೇಳಲು ಬಂದಿರಬೇಕೆಂದು ನಾನು ವಿನಯದ ಮುಖ ಸಿದ್ಧ ಮಾಡಿಕೊಂಡೆ.

‘ಅಣ್ಣಾ, ನೀವು ಅತ್ತೇನ ಕೇಳಿದ್ರಿ, ನಾದ್ನೀಗೆ ಹೇಳಿದ್ರಿ. ಒಂದೇ ಮಳೆ ಅಂತ ಯಾಕಂದ್ರಿ?’

‘ಅದು... ಅಷ್ಟಾದರೆ ನಂಬ್ತಾರೆ ಅಂತ...’

‘ನನ್ನ ಒಂದ್ ಮಾತು ಕೇಳಿದ್ರೆ ಮೂರು ಮಳೆ ಅಂತಿದ್ದೆ. ಅಳೆಯೋ ಮಿಷಿನ್ನು ನಿಮ್ ಕೈಲೇ ಇತ್ತಲ್ಲ.’

ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅವಳು ಸೆರಗು ಸಿಕ್ಕಿಸಿಕೊಂಡು ಗೇಟು ದಾಟಿ ಓಡಿದಳು.